ಗುಡ್ಡದ ಜೀರುಂಡೆಗಳು

ಪೆರ್ಲದಿಂದ ಸ್ವರ್ಗದ ಕಡೆಗೆ ಹೊರಟವರಿಗೆ ಬೇಸಗೆಯಲ್ಲಿ ದಾರಿಯುದ್ದಕ್ಕೂ ಒಂದು ನಾದ ಜೊತೆಗೂಡುತ್ತದೆ. ಸ್ವರ್ಗವೆಂದೊಡನೆ ವಾಚಕರು ಬೆಚ್ಚಬೇಕಾಗಿಲ್ಲ; ಅದು ಕಾಸರಗೋಡು ಸೀಮೆಯಲ್ಲಿ ನಮ್ಮ ಎಣ್ಮಕಜೆ ಪಂಚಾಯತಿಗೆ ಸೇರಿದ ಊರು. ಕಣಿವೆಯಲ್ಲಿ ಅಡಿಕೆ ತೋಟ, ಮೇಲೆ ಮುರಕಲ್ಲಿನ ಗುಡ್ಡ, ಗುಡ್ಡದ ಒಡಲಲ್ಲಿ ಹಿರಿಯರು ಕೊರೆದ ಸುರಂಗಗಳ ನೀರು. ಬಿಸಿಲೇರಿದರೆ ಮರಮರದಲ್ಲೂ ಜೀರುಂಡೆ.

ಕಳೆದ ಏಪ್ರಿಲಿನಲ್ಲಿ ಬೆಂಗಳೂರಿನಿಂದ ಬಂದಿದ್ದ ನಮ್ಮ ಭಾವನವರು ಊಟ ಮಾಡಿ ಚಾವಡಿಯಲ್ಲಿ ಒರಗಿದವರು ಎದ್ದು ಕುಳಿತರು. "ಇದೆಂತ ಭಾವ, ಕಿವಿ ತೂತಾಗುವ ಹಾಗೆ! ಇವಕ್ಕೆ ಮದ್ದು ಬಿಡುವ ಕ್ರಮ ಇಲ್ಲವೋ?" ಎಂದರು.

ನಾವು ಕೂಡಲೇ ಉತ್ತರಿಸಲಿಲ್ಲ. ಮೊದಲು ಹುಳುವಿನ ಪರಿಚಯ ಮಾಡಿಕೊಟ್ಟೆವು; ಅಧ್ಯಾಪಕರ ಚಾಳಿ, ಬಿಡುವಂತಹುದಲ್ಲ. ರಾತ್ರಿ ಹುಲ್ಲಿನಲ್ಲಿ ರೆಕ್ಕೆಗೆ ರೆಕ್ಕೆ ತೀಡಿ ಸದ್ದು ಮಾಡುವ ಹುಳುವನ್ನೂ ಮಲಯಾಳದಲ್ಲಿ ಚೀವೀಡು ಎನ್ನುವುದರಿಂದ ನಮ್ಮ ಶಾಲೆಯ ಮಕ್ಕಳು ಎರಡನ್ನೂ ಒಂದೆಂದೇ ತಿಳಿಯುತ್ತಾರೆ. ಮರದ ಮೇಲಿನ ಈ ಜೀರುಂಡೆಯ ರೀತಿ ಬೇರೆ. ಹಾಡುವುದು ಗಂಡು ಮಾತ್ರ. ಅದರ ಹೊಟ್ಟೆಯ ಬುಡದಲ್ಲಿ ಎರಡು ಪಕ್ಕಗಳಲ್ಲೂ ಏಣುಗಳುಳ್ಳ ತೆಳುವಾದ ಪೊರೆಗಳಿವೆ. ಸ್ನಾಯು ಎಳೆದಾಗ ಅವು ಒಳಕ್ಕೆ ಬಾಗಿ, ಬಿಟ್ಟಾಗ ಹೊರಕ್ಕೆ ಚಿಮ್ಮುತ್ತವೆ. ಸೆಕೆಂಡಿಗೆ ನೂರಾರು ಬಾರಿ. ಬಹುಪಾಲು ಟೊಳ್ಳಾದ ಹೊಟ್ಟೆ ಆ ಸದ್ದನ್ನು ಚೆಂಡೆಯಂತೆ ಮೊಳಗಿಸುತ್ತದೆ. ಹೆಣ್ಣು ಎಳೆಯ ಕೊಂಬೆಯನ್ನು ಸೀಳಿ ಮೊಟ್ಟೆಯಿಡುತ್ತದೆ. ಮರಿಗಳು ನೆಲಕ್ಕುದುರಿ, ಮಣ್ಣಿನೊಳಗೆ ಬೇರಿನ ರಸ ಹೀರುತ್ತ ವರ್ಷಗಳನ್ನೇ ಕಳೆಯುತ್ತವೆ. ಬಳಿಕ ಒಂದು ರಾತ್ರಿ ಮೇಲೆದ್ದು, ಮರವೇರಿ, ಬೆನ್ನು ಬಿರಿದು ಹೊರಬರುತ್ತವೆ. ಬಿಟ್ಟುಹೋದ ಪೊರೆಯನ್ನು ಮಕ್ಕಳು ಅಂಗಿಗೆ ಸಿಕ್ಕಿಸಿಕೊಂಡು ಬ್ಯಾಡ್ಜಿನಂತೆ ಮೆರೆಯುವುದುಂಟು. ಹಗಲಿನಲ್ಲಿ ಮರದಡಿ ನಿಂತವರ ಮುಖಕ್ಕೆ ತುಂತುರು ಬೀಳುತ್ತದೆ. ಮಳೆಯಲ್ಲ, ಅವು ಹೀರಿ ಮಿಕ್ಕ ನೀರು!

ಇನ್ನು ಮದ್ದಿನ ಮಾತು. ನಾವು ಹುಡುಗರಾಗಿದ್ದಾಗಲೂ, ತರಬೇತಿ ಮುಗಿಸಿ ಮೊದಲ ಶಾಲೆಗೆ ಸೇರಿದಾಗಲೂ ಈ ಗುಡ್ಡಗಳ ಗೇರುತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯುತ್ತಿದ್ದರು. ಟೀ ಸೊಳ್ಳೆಯನ್ನು ಕೊಲ್ಲಲೆಂದು ತಂದ ವಿಷ. ೨೦೦೦ನೆಯ ಇಸವಿಯ ಕೊನೆಯವರೆಗೆ, ಎರಡು ದಶಕಗಳಷ್ಟು ಕಾಲ ನಡೆಯಿತು. ಹೆಲಿಕಾಪ್ಟರಿನ ಸದ್ದು ಕೇಳಿದೊಡನೆ ಬಾವಿಗೆ ಅಡಿಕೆ ಸೋಗೆ ಮುಚ್ಚುವ ಕೆಲಸ ಮಕ್ಕಳಾದ ನಮ್ಮದು. ತೋಡನ್ನು ಮುಚ್ಚುವುದು ಯಾವುದರಿಂದ? ಜೇನು ಕಡಿಮೆಯಾಯಿತು, ಕಪ್ಪೆ ಕಡಿಮೆಯಾಯಿತು. ಮುಂದೆ ಅಧ್ಯಾಪಕರಾಗಿ ಮನೆಮನೆಗೆ ಹೋದಾಗ, ಶಾಲೆಗೆ ಬರಲಾರದೆ ಚಾಪೆಯ ಮೇಲೆಯೇ ಇದ್ದ ಮಕ್ಕಳನ್ನು ಕಂಡೆವು. ಆ ವರ್ಷಗಳಲ್ಲಿ ಏಪ್ರಿಲಿನ ಮಧ್ಯಾಹ್ನ ನಮ್ಮ ಗುಡ್ಡ ನಿಶ್ಶಬ್ದವಾಗಿತ್ತು. ಅದು ವಿಚಿತ್ರವೆಂದು ನಮಗೆ ತೋರಲೇ ಇಲ್ಲ. ಆ ಮೌನದಲ್ಲೇ ಬೆಳೆದವರು ನಾವು. ೨೦೧೧ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲೆಲ್ಲ ನಿಷೇಧಿಸಿತು.

ಸಿಂಪಡಣೆ ನಿಂತ ನಾಲ್ಕನೆಯದೋ ಐದನೆಯದೋ ಬೇಸಗೆ. ನಮ್ಮ ತಾಯಿಯವರು ಅಂಗಳದಲ್ಲಿ ಹಲಸಿನ ಹಪ್ಪಳ ಒಣಹಾಕುತ್ತಿದ್ದವರು ಥಟ್ಟನೆ ಕೈ ನಿಲ್ಲಿಸಿ, "ಜೀರುಂಡೆ ಅಲ್ಲವೋ ಅದು?" ಎಂದರು. ಒಂದೇ ಒಂದು ದನಿ, ತೋಟದ ಆಚೆಯ ಮಾವಿನ ಮರದಿಂದ. ಅವರು ಬಿಸಿಲೆನ್ನದೆ ಅಲ್ಲೇ ನಿಂತು ಕೇಳಿದರು.

ಇದನ್ನೆಲ್ಲ ಕೇಳಿದ ಭಾವನವರು ಮತ್ತೆ ಮದ್ದಿನ ಮಾತೆತ್ತಲಿಲ್ಲ. ಸಂಜೆ ಮಗಳನ್ನು ಕರೆದುಕೊಂಡು ಹೋಗಿ ಹಲಸಿನ ಮರದ ಬುಡದಲ್ಲಿ ಪೊರೆ ಹುಡುಕಿದರು. ನಾಲ್ಕು ಸಿಕ್ಕಿದವು.