ಗಾಡಿ ನಿಲ್ಲಿಸುವ ಚಟ

ಕೆಲವರಿಗೆ ಗಾಡಿ ಓಡಿಸುವ ಹುಚ್ಚು, ನನಗೆ ನಿಲ್ಲಿಸುವ ಹುಚ್ಚು. ಆಲಮಟ್ಟಿಯಿಂದ ಹೊರಟು ನಿಡಗುಂದಿ ದಾಟಿ ವಿಜಯಪುರದ ಹೆದ್ದಾರಿ ಹಿಡಿದೆನೆಂದರೆ ಜೊತೆಗಿದ್ದವರು ಹೊತ್ತಿಗೆ ಸರಿಯಾಗಿ ಊಟ ಮಾಡುವ ಆಸೆ ಬಿಟ್ಟುಬಿಡುತ್ತಾರೆ. ಮರಳುಗಾಡಲ್ಲ ಇದು, ಎರೆನಾಡು. ಆದರೂ ಸುಗ್ಗಿ ಮುಗಿದ ಮೇಲೆ ಒಮ್ಮೆ ಬಂದು ನೋಡಬೇಕು. ಕರಿನೆಲ ಬಾಯಿ ಬಿಟ್ಟು ಬಿದ್ದಿರುತ್ತದೆ, ನೆರಳಿಗೆಂದು ಹುಡುಕಿದರೆ ಸಿಗುವುದು ಒಂದು ಜಾಲಿಮರ. ಇಂಥ ಬಯಲಿನಲ್ಲಿ ಮುಚ್ಚುಮರೆಯೆಂಬುದಿಲ್ಲ. ಹರದಾರಿ ದೂರದ ಗೋಡೆಯೂ ಕಣ್ಣಿಗೆ ಬಿದ್ದು, ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತದೆ.

ರಸ್ತೆಬದಿ ಸುಮ್ಮನೆ ನಿಂತವನನ್ನು ಕಂಡರೆ ಕುರಿ ಕಾಯುವ ಹಿರಿಯರಿಗೆ ಕನಿಕರ.

"ಯಾಕ ತಮ್ಮಾ, ಗಾಡಿ ಕೆಟ್ಟೈತೇನು?"

"ಇಲ್ಲ ಕಾಕಾ, ಆ ಹುಡೇವು ನೋಡಾಕ ನಿಂತೀನಿ."

"ಅದರಾಗೇನೈತಿ ನೋಡೂದು? ಹಾವು ಅದಾವು, ಹತ್ರ ಹೋಗಬ್ಯಾಡ."

ಊರ ಕಾವಲಿಗೆಂದು ಎತ್ತಿದ, ಹುಡೇವು ಎಂಬ ಈ ದುಂಡು ಬುರುಜುಗಳು ಈಗ ಯಾರನ್ನೂ ಕಾಯುತ್ತಿಲ್ಲ. ಊರ ಹೆಬ್ಬಾಗಿಲು, ಅಗಸಿ ಮಾತ್ರ ಇನ್ನೂ ಕೆಲಸದಲ್ಲಿದೆ. ಕಮಾನಿನ ಕೆಳಗೆ ಎರಡೂ ಬದಿಗೆ ಕಟ್ಟೆ, ಕಟ್ಟೆಯ ಮೇಲೆ ಎಲೆಅಡಿಕೆ ಚೀಲ ಬಿಚ್ಚಿಕೊಂಡು ಕೂತ ನಾಲ್ಕು ಜನ. ಹೊರಗಿನಿಂದ ಬಂದವನು ಅವರ ಕಣ್ಣು ತಪ್ಪಿಸಿ ಊರೊಳಗೆ ಕಾಲಿಡಲಾರ. ಒಳಗೆ ಮಣ್ಣಿನ ಮಾಳಿಗೆಯ ಮನೆಗಳು, ನಡುವೆ ಎತ್ತರದ ಗೋಡೆಯ ವಾಡೆ. ಬಿಸಿಲು ಒಳಗೆ ಬರದಂತೆ ಕಟ್ಟುವ ವಿದ್ಯೆಯನ್ನು ಈ ನಾಡಿನಿಂದಲೇ ಕಲಿಯಬೇಕು.

ವಿಜಯಪುರ ತಲುಪಿದ ಮೇಲೆ ಎಲ್ಲರೂ ಗೋಳಗುಮ್ಮಟಕ್ಕೆ ಹೋಗುತ್ತಾರೆ, ಹೋಗಲೇಬೇಕು. 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್‌ಶಾಹನ ಗೋರಿಯ ಮೇಲೆ, ಒಳಗೆ ಒಂದೂ ಕಂಬವಿಲ್ಲದೆ, ಒಂದನ್ನೊಂದು ಹಾಯುವ ಕಮಾನುಗಳ ಆಸರೆಯಲ್ಲಿ ಅಷ್ಟು ದೊಡ್ಡ ಗುಮ್ಮಟ ಕೂತಿರುವುದು ಎಷ್ಟು ಸಲ ನೋಡಿದರೂ ನಂಬಿಕೆಗೆ ಬರುವುದಿಲ್ಲ. ಆದರೆ ನನ್ನ ಮನಸ್ಸು ಎಳೆಯುವುದು ಊರೊಳಗೆ ಅಲ್ಲಲ್ಲಿ ಒಂಟಿಯಾಗಿ ನಿಂತ ನೀರಿನ ಗೋಪುರಗಳ ಕಡೆ. ತೊರವಿಯ ಕಡೆಯಿಂದ ನೆಲದೊಳಗೆ ಸುರಂಗ, ಕೊಳವೆಗಳಲ್ಲಿ ನೀರು ನಗರಕ್ಕೆ ಬರುತ್ತಿತ್ತು. ಒತ್ತಡ ಹೆಚ್ಚಿದರೆ ಮಣ್ಣಿನ ಕೊಳವೆ ಒಡೆಯುತ್ತದೆ. ಅದಕ್ಕೆ ದಾರಿಯಲ್ಲಿ ಗೋಪುರ ಕಟ್ಟಿ ನೀರನ್ನು ಮೇಲಕ್ಕೆ ಏರಗೊಟ್ಟು, ಅಲ್ಲಿ ರಭಸ ತಗ್ಗಿಸಿ, ಹೂಳು ಕೆಳಗಿಳಿಸಿ ಮುಂದಕ್ಕೆ ಬಿಡುತ್ತಿದ್ದರು. ಬಿರುಸಾಗಿ ಬಂದ ನೆಂಟರನ್ನು ಪಡಸಾಲೆಯಲ್ಲಿ ಕೂರಿಸಿ ತಣ್ಣಗಾಗಿಸುವ ಹಾಗೆ.

ಈ ಜಾಣತನ ಚೆಲ್ಲಾಟಕ್ಕೆ ಇಳಿದದ್ದನ್ನು ನೋಡಬೇಕಾದರೆ ಸಿಂದಗಿ ರಸ್ತೆಯ ಕುಮಟಗಿಗೆ ಹೋಗಬೇಕು. ಆದಿಲ್‌ಶಾಹಿಗಳ ವಿಹಾರದ ತಾಣ. ಚೌಕದ ಹೊಂಡದ ನಡುವೆ ಪುಟ್ಟ ಮಂಟಪ, ಹತ್ತಿರದಲ್ಲೇ ಕೆರೆ. ಕೆರೆಯ ನೀರನ್ನು ಗೋಪುರಕ್ಕೆ ಏರಿಸಿ, ಗೋಡೆಯೊಳಗೆ ಹುದುಗಿಸಿದ ಕೊಳವೆಗಳಲ್ಲಿ ಹರಿಸಿ, ಕಾರಂಜಿಯಾಗಿ ಚಿಮ್ಮಿಸಿ, ಮೇಲಿನಿಂದ ಮಳೆಯಂತೆ ಸುರಿಸುತ್ತಿದ್ದರು. ಮಳೆ ಬಾರದ ಸೀಮೆಯಲ್ಲಿ ದೊರೆ ತನಗೊಬ್ಬನಿಗೆ ಮಳೆಗಾಲ ಮಾಡಿಸಿಕೊಂಡಿದ್ದ! ಗಾರೆ ಕಳಚಿದಲ್ಲಿ ಕೊಳವೆಯ ಬಾಯಿ ಈಗಲೂ ಕಾಣುತ್ತದೆ. ಬೆರಳಿಟ್ಟರೆ ಒಣ ಧೂಳು. ಗೋಡೆಗಳ ಮೇಲಿದ್ದ ಚಿತ್ರಗಳನ್ನು ಪುರಾತತ್ವಜ್ಞ ಹೆನ್ರಿ ಕಸೆನ್ಸ್ 1916ರ ತನ್ನ ಗ್ರಂಥದಲ್ಲಿ ವರ್ಣಿಸಿದ್ದಾನೆ. ಕುದುರೆಯೇರಿ ಚೆಂಡಾಡುವವರು, ಕುಸ್ತಿ ಹಿಡಿದ ಜಟ್ಟಿಗಳು. ಈಗ ಮಾಸಿದ ಬಣ್ಣದಲ್ಲಿ ಕುದುರೆ ಯಾವುದು, ಸವಾರ ಯಾರು ಎಂದು ಕಣ್ಣು ಕಿರಿದು ಮಾಡಿ ಹುಡುಕಬೇಕು. ಹುಡುಕುತ್ತ ನಿಂತವನಿಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಸುತ್ತಾಡಿ ಆಲಮಟ್ಟಿಗೆ ಮರಳಿದರೆ ಈ ನೀರಿನ ಕಟ್ಟಡಗಳ ವಂಶದ ಇತ್ತೀಚಿನ ಕುಡಿ ಕೃಷ್ಣೆಗೆ ಅಡ್ಡಲಾಗಿ ನಿಂತಿದೆ. 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಅಣೆಕಟ್ಟು, 26 ಗೇಟು. ಅಣೆಕಟ್ಟಿನ ಪಕ್ಕದ ಉದ್ಯಾನದ ಸಿಮೆಂಟಿನ ಪ್ರಾಣಿಗಳ ಮುಂದೆ ಫೋಟೋಕ್ಕೆ ನಿಲ್ಲುವವರಿಗೆ ಗೇಟುಗಳ ಕಡೆ ಲಕ್ಷ್ಯ ಕಡಿಮೆ. ಬಾಯಾರಿದ ನಾಡು ಕಟ್ಟಿದ್ದರಲ್ಲೆಲ್ಲ ಬಹುಶಃ ನೀರಿನದೇ ಧ್ಯಾನ. ಕುಮಟಗಿಯಲ್ಲಿ ಅದು ಒಬ್ಬನ ಸುಖಕ್ಕೆ, ಇಲ್ಲಿ ಲಕ್ಷಾಂತರ ಎಕರೆಗೆ.

ಅದಕ್ಕೆ ಬೆಲೆ ತೆತ್ತವರೂ ಇದ್ದಾರೆ. ಜಲಾಶಯದಲ್ಲಿ ಸಮುದ್ರಮಟ್ಟದಿಂದ 519.60 ಮೀಟರ್ ಎತ್ತರದವರೆಗೆ ನೀರು ನಿಲ್ಲುತ್ತದೆ. ಆ ಗೆರೆಯ ಕೆಳಗೆ ಎಷ್ಟೋ ಊರುಗಳು ತಮ್ಮ ಅಗಸಿ, ವಾಡೆ, ಮಾಳಿಗೆ ಸಮೇತ ಮುಳುಗಿದವು. ಮೇಲೆ ಪುನರ್ವಸತಿ ಕೇಂದ್ರಗಳು ಎದ್ದವು: ಸೂತ್ರ ಹಿಡಿದಂತೆ ನೇರ ಓಣಿ, ಅಳೆದು ಕೊಟ್ಟ ನಿವೇಶನ. ನಕ್ಷೆಯಲ್ಲಿ ಅಗಸಿಗೆ ಜಾಗವಿರಲಿಲ್ಲ. ಈಚೆಗೆ ಅಂಥ ಒಂದು ಊರಿನ ಬಾಯಲ್ಲಿ ಜನ ಸೇರಿ ಸಿಮೆಂಟಿನ ಕಮಾನು ಎಬ್ಬಿಸಿದ್ದು ಕಂಡೆ. ಹಳದಿ, ನೀಲಿ ಬಣ್ಣ. ಕೆಳಗೆ ಕೂರಲು ಎರಡು ಕಟ್ಟೆ. ಶೈಲಿ ಯಾವುದೆಂದು ಪಂಡಿತರು ಹೇಳಲಾರರು. ನಾನಂತೂ ಗಾಡಿ ನಿಲ್ಲಿಸಿದೆ. ಇಂಥದಕ್ಕೆ ನಿಲ್ಲಲು ಅದು ಮುನ್ನೂರು ವರ್ಷ ಹಳತಾಗಲಿ ಎಂದು ಕಾಯಬೇಕೇ?