ಹಚ್ಚೊಳ್ಳಿಯ ಕೆಂಪು ಚಟ್ನಿ

ಬಳ್ಳಾರಿಯ ಬಂಡೆಗುಡ್ಡವನ್ನೂ ಅದರ ನೆತ್ತಿಯ ಮೇಲಿನ ಕೋಟೆಯನ್ನೂ ಹಿಂದಿಕ್ಕಿ ಬಸ್ಸು ಸಿರುಗುಪ್ಪದ ಹಾದಿ ಹಿಡಿಯಿತೆಂದರೆ ನೆಲದ ಸ್ವಭಾವವೇ ಬೇರೆಯಾಗುತ್ತದೆ. ಕಲ್ಲುಗುಡ್ಡಗಳು ದೂರ ಸರಿದು ಎರೆಭೂಮಿ ಹರಡಿಕೊಳ್ಳುತ್ತದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಸಿದ್ಧವಾದ ಮೇಲೆ ಕಾಲುವೆಯ ನೀರು ಮುಟ್ಟಿದಲ್ಲೆಲ್ಲ ಭತ್ತ ಬಂದಿತು. ಮುಟ್ಟದಲ್ಲಿ ಹತ್ತಿ, ಜೋಳ, ಮೆಣಸಿನಕಾಯಿ ಉಳಿದುಕೊಂಡವು. ಅದೇ ವರ್ಷ ಅಕ್ಟೋಬರ್ 1ರಂದು ಹಳೆಯ ಬಳ್ಳಾರಿ ಜಿಲ್ಲೆ ಇಬ್ಭಾಗವಾಗಿ ಸಿರುಗುಪ್ಪ ಮೈಸೂರಿಗೂ ನೆರೆಯ ಆದವಾನಿ ಆಂಧ್ರಕ್ಕೂ ಸೇರಿದವು. ಗೆರೆ ಎಳೆದವರು ನಾಲಗೆಯನ್ನು ಹೇಗೆ ಹಂಚಿಯಾರು! ಇತ್ತ ‘ಚಟ್ನಿ’ ಎಂದದ್ದನ್ನು ಅತ್ತ ‘ಪಚ್ಚಡಿ’ ಎಂದರಾಯಿತು, ರುಚಿ ಒಂದೇ.

ಈ ಸಿರುಗುಪ್ಪ ತಾಲ್ಲೂಕಿನ ಒಂದು ಹೋಬಳಿಯ ಊರು ಹಚ್ಚೊಳ್ಳಿ. ಕ್ಯಾಮರಾ ಹೆಗಲಿಗೇರಿಸಿ ಪ್ರವಾಸಿಗರು ಅರಸಿ ಬರುವ ಊರಲ್ಲ. ಆದರೂ ಒಂದು ಸಂಕ್ರಾಂತಿಯ ಮರುದಿನ ಬೆಂಗಳೂರಿನ ದಂಪತಿಗಳಿಬ್ಬರು ಅಲ್ಲಿ ಬಸ್ಸಿಳಿದರು. ಅವರ ಕೈಯಲ್ಲಿದ್ದುದು ಒಂದು ಖಾಲಿ ಸ್ಟೀಲಿನ ಡಬ್ಬಿ.

ಆತನ ತಾಯಿಯ ತವರು ಹಚ್ಚೊಳ್ಳಿ. ಪತಿಯನ್ನು ಕಳೆದುಕೊಂಡ ಮೇಲೆ ಆಕೆ ಬೆಂಗಳೂರಿನ ಮೂರನೆಯ ಮಹಡಿಯ ಮನೆಗೆ ಬಂದು ಸೇರಿದ್ದರು. ಗೊಣಗುವ ಸ್ವಭಾವವಲ್ಲ, ಬಡಿಸಿದ್ದನ್ನು ‘ಚೆನ್ನಾಗೈತಿ’ ಎನ್ನುವರು, ಎರಡು ತುತ್ತಿಗೆ ಕೈ ತೊಳೆಯುವರು. ದಸರೆಯಿಂದೀಚೆಗೆ ಊಟ ಇನ್ನೂ ಇಳಿಯಿತು. ವೈದ್ಯರಿಗೆ ಯಾವ ರೋಗವೂ ಸಿಗಲಿಲ್ಲ. ಒಂದು ರಾತ್ರಿ, ಯಾರೂ ಕೇಳದೆಯೇ, ಆಕೆ ಹೇಳಿದರು: ಚಿಕ್ಕಂದಿನಲ್ಲಿ ಸಂತೆಯ ದಿನ ಅಪ್ಪ ಬಸ್‌ಸ್ಟ್ಯಾಂಡಿನ ಹೋಟೆಲಿನಿಂದ ಮಂಡಕ್ಕಿ ಒಗ್ಗರಣೆ, ಮಿರ್ಚಿ ಕಟ್ಟಿಸಿಕೊಂಡು ಬರುತ್ತಿದ್ದನಂತೆ, ಎಲೆಯ ಮೂಲೆಯಲ್ಲಿ ಒಂದಿಷ್ಟು ಕೆಂಪು ಚಟ್ನಿ. ಒಗ್ಗರಣೆ ಮುಗಿದರೂ ಆ ಎಲೆಯನ್ನು ಬಿಡಲು ಮನಸ್ಸಾಗುತ್ತಿರಲಿಲ್ಲವಂತೆ.

ಸೊಸೆ ಅದನ್ನು ಮರೆಯಲಿಲ್ಲ. ಮಾರನೆಯ ದಿನವೇ ಟೊಮೆಟೊ ಹುರಿದು, ಅಂಗಡಿಯ ಖಾರದ ಪುಡಿ ಸುರಿದು ಮಿಕ್ಸಿಗೆ ಹಾಕಿದಳು. ನಸುಗೆಂಪಿನ ನುಣ್ಣನೆಯ ನೊರೆಯೊಂದು ಹೊರಬಂದಿತು. ಅತ್ತೆ ‘ಚೆನ್ನಾಗೈತಿ’ ಎಂದರು. ಬ್ಯಾಡಗಿ ಮೆಣಸಿನಕಾಯಿ ತಂದಾಗ ಬಣ್ಣವೇನೋ ರೇಷ್ಮೆಯಂತೆ ಬಂತು, ಖಾರ ಹತ್ತಲಿಲ್ಲ. ಗುಂಟೂರಿನದು ಹಾಕಿದಾಗ ಮನೆಯವರೆಲ್ಲ ನೀರಿನ ಲೋಟ ಹುಡುಕಿದರು. ಪ್ರತಿಬಾರಿಯೂ ‘ಚೆನ್ನಾಗೈತಿ’. ಆ ಮಾತು ಕೇಳಿದರೆ ಸೊಸೆಗೆ ಅಳು ಬರುವಂತಾಯಿತು. ಅದಕ್ಕೇ ಈ ಪ್ರಯಾಣ.

ಊರಿನ ಕಣಗಳಲ್ಲಿ ಆಗ ಮೆಣಸಿನಕಾಯಿ ಒಣಹಾಕಿದ್ದರು. ಗಾಳಿ ಬೀಸಿದರೆ ದಾರಿಹೋಕರು ಸೀನುತ್ತ ನಡೆಯಬೇಕು. ಹೋಟೆಲಿನ ಒಳಗೆ ದೊಡ್ಡ ಬಾಣಲೆಯಲ್ಲಿ ಮಿರ್ಚಿಗಳು ಉಬ್ಬುತ್ತಿದ್ದವು. ನೆನೆಸಿ ಹಿಂಡಿದ ಮಂಡಕ್ಕಿಗೆ ಅರಿಸಿನ, ಈರುಳ್ಳಿ, ಹಸಿಮೆಣಸಿನಕಾಯಿ, ಪುಟಾಣಿಪುಡಿ ಬೆರೆಸಿದ ಒಗ್ಗರಣೆಯ ಜೊತೆಯಲ್ಲಿ ಚಟ್ನಿ ಬಂದಿತು. ಬೆರಳಿಗೆ ಹತ್ತಿಸಿ ನಾಲಗೆಗಿಟ್ಟ ಸೊಸೆ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಮೊದಲು ಹುಳಿ, ಹಿಂದೆಯೇ ಬೆಳ್ಳುಳ್ಳಿ, ಖಾರ ಮಾತ್ರ ನಿಧಾನವಾಗಿ, ನುಂಗಿದ ಮೇಲೆ.

ಹಿತ್ತಿಲ ಬಾಗಿಲಲ್ಲಿ ಒರಳಿನ ಮುಂದೆ ಕುಳಿತಿದ್ದ ಮುದುಕಿಗೆ ಈ ಪ್ರಶ್ನೆಗಳು ವಿನೋದವೆನಿಸಿದವು.

“ಇದ್ರಾಗ ಗುಟ್ಟೇನೈತವ್ವ? ಕಾಯಿ ಹಣ್ಣಾಗಿರಬೇಕು, ಒಣಗಿರಬಾರದು. ಎಣ್ಣಿ ಶೇಂಗಾದ್ದು. ಕೈ ಅವಸರ ಮಾಡಬಾರದು, ಅಷ್ಟ.”

ಲೆಕ್ಕಕ್ಕೆ ಇಳಿಸಿದಾಗ ಅದು ಹೀಗಾಯಿತು. ಅರ್ಧ ಕಿಲೋ ಜವಾರಿ ಟೊಮೆಟೊ, ಎಂಟು ಹತ್ತು ಹಣ್ಣುಮೆಣಸಿನಕಾಯಿ. ಎರಡನ್ನೂ ಬೇರೆ ಬೇರೆಯಾಗಿ ಶೇಂಗಾ ಎಣ್ಣೆಯಲ್ಲಿ, ಸಿಪ್ಪೆ ಅಲ್ಲಲ್ಲಿ ಕಪ್ಪಾಗುವವರೆಗೆ ಬಾಡಿಸಬೇಕು. ಒರಳಿಗೆ ಮೊದಲು ಹರಳುಪ್ಪು, ಅರ್ಧ ಚಮಚ ಜೀರಿಗೆ, ಹತ್ತು ಎಸಳು ಹಸಿ ಬೆಳ್ಳುಳ್ಳಿ. ಆಮೇಲೆ ಮೆಣಸಿನಕಾಯಿ, ಚಿಟಿಕೆ ಹುಣಿಸೆ. ಟೊಮೆಟೊ ಕಟ್ಟಕಡೆಗೆ, ನಾಲ್ಕೇ ಪೆಟ್ಟು. ನೀರು ತಾಗಿಸಕೂಡದು.

ಬೆಂಗಳೂರಿನ ಸೋಲು ಎಲ್ಲಿತ್ತೆಂಬುದು ಈಗ ತಿಳಿಯಿತು. ಮಿಕ್ಸಿಯ ಅಲಗು ಗಾಳಿಯನ್ನೂ ಸೇರಿಸಿ ಕಡೆಯುವುದರಿಂದ ಚಟ್ನಿ ಬಿಳಿಚಿ ನೊರೆಯಾಗುತ್ತದೆ. ಕಲ್ಲು ಜಜ್ಜುತ್ತದೆಯೇ ಹೊರತು ಕತ್ತರಿಸುವುದಿಲ್ಲ. ದೂರದ ಸಾಗಾಟಕ್ಕೆಂದೇ ಬೆಳೆಸಿದ ದಪ್ಪತೊಗಟೆಯ ಟೊಮೆಟೊದಲ್ಲಿ ಹುಳಿ ಕಡಿಮೆ. ಖಾರವು ಮೆಣಸಿನಕಾಯಿಯ ಬೀಜದಲ್ಲಿದೆಯೆಂಬುದು ತಪ್ಪು ತಿಳಿವಳಿಕೆ. ಬೀಜ ಅಂಟಿಕೊಂಡಿರುವ ಬಿಳಿಯ ತಿರುಳಿನಲ್ಲಿ ಅದರ ನೆಲೆ. ಅದು ನೀರಿಗೆ ಸುಲಭವಾಗಿ ಬಿಡದು, ಎಣ್ಣೆಗೆ ಬಿಡುತ್ತದೆ. ಎಣ್ಣೆಯಲ್ಲಿ ಬಾಡಿಸಿದ ಕಾಯಿಯ ಖಾರ ಚಟ್ನಿಯ ತುಂಬ ಹರಡಿಕೊಳ್ಳುವುದು ಹೀಗೆ.

ಇಷ್ಟು ನಮ್ಮದೆನಿಸುವ ಈ ಚಟ್ನಿಯಲ್ಲಿ ಮೆಣಸಿನಕಾಯಿ, ಟೊಮೆಟೊ, ಶೇಂಗಾ ಮೂರೂ ಅಮೆರಿಕಾ ಖಂಡದಿಂದ ಬಂದವೆಂದರೆ ಹಚ್ಚೊಳ್ಳಿಯ ಮುದುಕಿ ನಂಬಲಾರಳು. ಮೆಕ್ಸಿಕೋ ದೇಶದಲ್ಲಿಯೂ ಟೊಮೆಟೊ, ಮೆಣಸಿನಕಾಯಿಗಳನ್ನು ಹಂಚಿನ ಮೇಲೆ ಕಪ್ಪಾಗಿಸಿ, ಮೂರು ಕಾಲಿನ ಕರಿಕಲ್ಲಿನ ಒರಳಿನಲ್ಲಿ ಉಪ್ಪಿನೊಡನೆ ಜಜ್ಜುವರು. ಅದಕ್ಕೆ ಅಲ್ಲಿ ಸಾಲ್ಸಾ ಎಂದು ಹೆಸರು. ಪದದ ಮೂಲಾರ್ಥ ‘ಉಪ್ಪು ಹಾಕಿದ್ದು’ ಎಂದಷ್ಟೇ. ಹೋಟೆಲಿನ ಸಾಲ್ಸಾ ಮನೆಯಲ್ಲಿ ಕೈಗೂಡದೆಂದು ಕೊರಗುವ ಸೊಸೆಯರು ಅಲ್ಲಿಯೂ ಇರಬೇಕು. ಆದರೆ ಅರೆಯುವ ಕಲ್ಲಿಗಾಗಿ ಈ ಸೀಮೆ ಯಾರಲ್ಲಿಯೂ ಕೈ ಚಾಚಬೇಕಾಗಿರಲಿಲ್ಲ. ಇದೇ ತಾಲ್ಲೂಕಿನ ತೆಕ್ಕಲಕೋಟೆಯ ಗುಡ್ಡಗಳಲ್ಲಿ 1960ರ ದಶಕದಲ್ಲಿ ಎಂ.ಎಸ್. ನಾಗರಾಜರಾಯರು ಉತ್ಖನನ ನಡೆಸಿ ನವಶಿಲಾಯುಗದ ಜನವಸತಿಯನ್ನು ಬೆಳಕಿಗೆ ತಂದರು. ಆ ಯುಗದ ಅಡಿಗೆಮನೆಗೂ ಅರೆಯುವ ಕಲ್ಲೇ ಆಧಾರವಾಗಿತ್ತು.

ದಂಪತಿಗಳು ಡಬ್ಬಿಯ ತುಂಬ ಚಟ್ನಿ, ಚೀಲದ ತುಂಬ ಹಣ್ಣುಮೆಣಸಿನಕಾಯಿ, ಬಳ್ಳಾರಿಯಲ್ಲಿ ಕೊಂಡ ಒಂದು ಸಣ್ಣ ಒರಳು, ಇಷ್ಟನ್ನೂ ಹೊತ್ತು ರಾತ್ರಿಯ ರೈಲು ಹತ್ತಿದರು. ಡಬ್ಬಿಯ ಚಟ್ನಿ ಬೆಳಗಾಗುವಷ್ಟರಲ್ಲಿ ಹುಳಿತು ಹೋಗಿತ್ತು. ಎಣ್ಣೆ ಮೇಲೆ ನಿಂತು ಬೆಳ್ಳುಳ್ಳಿಯ ವಾಸನೆ ಕೆಟ್ಟಿತ್ತು. ಅದನ್ನು ಅತ್ತೆಗೆ ತೋರಿಸದೆಯೇ ಚೆಲ್ಲಿದಳು.

ಸಂಜೆ, ಕೆಳಮನೆಯವರಿಗೆ ಸದ್ದಾಗದಂತೆ ಗೋಣಿಚೀಲ ಮಡಿಸಿ ಅದರ ಮೇಲೆ ಒರಳಿಟ್ಟು ಸೊಸೆ ಕುಟ್ಟತೊಡಗಿದಳು. ಮೂರನೆಯ ಪೆಟ್ಟಿಗೆ ಉಪ್ಪು ಹಾರಿ ನೆಲಕ್ಕೆ ಬಿತ್ತು. ಸದ್ದು ಕೇಳಿ ಅತ್ತೆ ಕೋಣೆಯಿಂದ ಎದ್ದು ಬಂದರು. ಗೋಡೆ ಹಿಡಿದು ಸ್ವಲ್ಪ ಹೊತ್ತು ನೋಡಿದರು.

“ಹಂಗಲ್ಲವ್ವ, ಸರಿ ಅತ್ತಾಗ,” ಎಂದು ಕೆಳಗೆ ಕುಳಿತರು.

ಎಡಗೈಯನ್ನು ಒರಳಿನ ಬಾಯಿಗೆ ಅಡ್ಡವಾಗಿಟ್ಟು, ಬಲಗೈಯಿಂದ ಕುಟ್ಟುವ ಕಲ್ಲನ್ನು ಎತ್ತಿ ಹಾಕುವುದಕ್ಕಿಂತ ಹೊರಳಿಸಿ ಒತ್ತುವುದನ್ನು ಸೊಸೆ ಕಣ್ಣಿಟ್ಟು ನೋಡಿದಳು. ಎಷ್ಟೋ ವರ್ಷಗಳಿಂದ ಆ ಕೈಗೆ ಕೆಲಸವಿರಲಿಲ್ಲ. ಟೊಮೆಟೊ ಬಿದ್ದು ನಾಲ್ಕು ಪೆಟ್ಟಾದ ಮೇಲೆ ಅತ್ತೆ ಬೆರಳಿಂದ ತೆಗೆದು ರುಚಿ ನೋಡಿದರು. ಸೊಸೆ ಆ ಹಳೆಯ ಮಾತಿಗಾಗಿ ಕಾದಳು.

“ಚೆನ್ನಾಗಿಲ್ಲ,” ಎಂದರು ಅತ್ತೆ. “ಅಪ್ಪ ತರತಿದ್ದದ್ದು ಇದಕಿಂತ ಹುಳಿ ಇತ್ತು. ನಾಳಿಗೆ ಒಂದೀಟು ಹುಣಿಸಿ ಜಾಸ್ತಿ ಹಾಕೋಣು.”

ಹಾಗೆಂದು ರೊಟ್ಟಿಯ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು.