ಕಿವಿಗಾಗಿ ಕೊಂಡ ಟಿಕೆಟ್ಟು

ಟಾಕಿ ಬಂದ ಹೊಸತರಲ್ಲಿ ನಮ್ಮ ಜನ ಚಿತ್ರಮಂದಿರಕ್ಕೆ ಯಾಕೆ ನುಗ್ಗಿದರು ಎಂದು ಕೇಳಿದರೆ ಸಿದ್ಧ ಉತ್ತರವೊಂದು ಸಿಗುತ್ತದೆ: ಬೊಂಬೆ ಮಾತಾಡಿತು, ಜನ ಬೆರಗಾದರು. ಉತ್ತರ ಸುಳ್ಳಲ್ಲ, ಆದರೆ ಸಾಲದು. ಬೆರಗಿಗೆ ಆಯುಸ್ಸು ಕಡಿಮೆ. 1931ರ ಮಾರ್ಚ್ 14ರಂದು ಮುಂಬಯಿಯ ಮೆಜೆಸ್ಟಿಕ್‌ನಲ್ಲಿ ಅರ್ದೇಶಿರ್ ಇರಾನಿಯವರ ‘ಆಲಂ ಆರಾ’ ತೆರೆಕಂಡಾಗ ನಾಲ್ಕಾಣೆಯ ಟಿಕೆಟ್ಟು ಕಾಳಸಂತೆಯಲ್ಲಿ ನಾಲ್ಕೈದು ರೂಪಾಯಿಗೆ ಹೋಯಿತಂತೆ. ಅದನ್ನು ಬೇಕಾದರೆ ಬೆರಗಿಗೆ ತೆತ್ತ ಬೆಲೆ ಎನ್ನೋಣ. ಆದರೆ ಮೂರು ವರ್ಷದ ಮೇಲೆ, 1934ರ ಮಾರ್ಚ್ 3ರಂದು, ಬೆಂಗಳೂರಿನ ಪ್ಯಾರಾಮೌಂಟ್‌ನಲ್ಲಿ ಕನ್ನಡದ ‘ಸತಿ ಸುಲೋಚನ’ ಬಂತು. ಅಷ್ಟು ಹೊತ್ತಿಗೆ ಮಾತಾಡುವ ಚಿತ್ರ ಆ ಊರಿಗೆ ಹೊಸದೇನೂ ಆಗಿರಲಿಲ್ಲ; ಹಿಂದಿ, ತಮಿಳು ಟಾಕಿಗಳು ಬಂದುಹೋಗಿದ್ದವು. ಆದರೂ ಆರು ವಾರ ಮಂದಿರ ತುಂಬಿತು. ಯಂತ್ರದ ಮೇಲಿನ ಕುತೂಹಲ ಆರು ವಾರ ಬಾಳುವಂಥದ್ದಲ್ಲ. ಜನ ಹೋದದ್ದು ಕೇಳುವುದಕ್ಕೆ, ಅದರಲ್ಲೂ ಹಾಡು ಕೇಳುವುದಕ್ಕೆ. ನೋಟ ಅದರ ಜೊತೆಗೆ ಬಂದ ಲಾಭ ಎಂಬುದು ನನ್ನ ವಾದ.

ಮೊದಲಿಗೆ ಆ ಕಾಲದ ಹಾಡಿನ ಪುಸ್ತಕವನ್ನೇ ತೆಗೆದುಕೊಳ್ಳಿ. ಚಿತ್ರಮಂದಿರದ ಬಾಗಿಲಲ್ಲಿ ಪುಡಿಗಾಸಿಗೆ ಮಾರುತ್ತಿದ್ದ ಈ ತೆಳು ಪುಸ್ತಕಗಳಲ್ಲಿ ಕಥೆಯನ್ನು ಅರ್ಧಕ್ಕೆ ನಿಲ್ಲಿಸಿ, ಮುಂದೇನಾಯಿತೆಂದು ಬೆಳ್ಳಿತೆರೆಯ ಮೇಲೆ ನೋಡಿ ಎಂದು ಬರೆಯುವುದು ರೂಢಿಯಾಗಿಬಿಟ್ಟಿತ್ತು. ಹಾಡುಗಳನ್ನು ಮಾತ್ರ ಒಂದಕ್ಷರ ಬಿಡದೆ ಅಚ್ಚುಹಾಕುತ್ತಿದ್ದರು. ಕಥೆಯನ್ನು ಬಚ್ಚಿಟ್ಟಿದ್ದಾರೆಂದರೆ ಜನ ಕಥೆಗಾಗಿಯೇ ಬರುತ್ತಿದ್ದರು ಎಂದಲ್ಲವೇ ಅರ್ಥ ಎಂದು ಯಾರಾದರೂ ಕೇಳಬಹುದು. ಆದರೆ ‘ಸತಿ ಸುಲೋಚನ’ದ ಇಂದ್ರಜಿತು ಯುದ್ಧದಲ್ಲಿ ಸಾಯುತ್ತಾನೆಂಬುದು ಯಾರಿಗೆ ತಾನೆ ಗೊತ್ತಿರಲಿಲ್ಲ? ಹರಿಕಥೆಯಲ್ಲಿ, ತಾಳಮದ್ದಳೆಯಲ್ಲಿ, ಅಜ್ಜಿಯರ ಬಾಯಲ್ಲಿ ಸಾವಿರ ಸಲ ಸತ್ತವನು ಅವನು. ಅದೇ ವರ್ಷ ಬಂದ ‘ಭಕ್ತ ಧ್ರುವ’ದಲ್ಲಿಯೂ ಗುಟ್ಟು ಮಾಡುವಂಥದ್ದು ಏನೂ ಇರಲಿಲ್ಲ. ಮುಚ್ಚಿಟ್ಟ ಕಥೆ ಎಲ್ಲರಿಗೂ ತಿಳಿದದ್ದು, ಕಾಸು ಕೊಟ್ಟು ಮನೆಗೆ ಒಯ್ದದ್ದು ಹಾಡು. ಗಿರಾಕಿಗೆ ಏನು ಬೇಕೆಂದು ಆ ಪುಸ್ತಕ ಮಾರುವವನಿಗೆ ನಮಗಿಂತ ಚೆನ್ನಾಗಿ ತಿಳಿದಿತ್ತು.

ತಯಾರಿಸುವವರ ಕಡೆಯಿಂದ ನೋಡಿದರೂ ಇದೇ ಕಾಣುತ್ತದೆ. ಹಿನ್ನೆಲೆ ಗಾಯನ ನಮ್ಮಲ್ಲಿ ಬಂದದ್ದು 1935ರಲ್ಲಿ, ಕಲ್ಕತ್ತದ ನ್ಯೂ ಥಿಯೇಟರ್ಸ್‌ನಿಂದ. ಅಲ್ಲಿಯವರೆಗೆ ಪಾತ್ರ ಮಾಡುವವರೇ ಕ್ಯಾಮರಾದ ಎದುರು ನಿಂತು ಹಾಡಬೇಕಿತ್ತು; ಹಾರ್ಮೋನಿಯಂ, ತಬಲದವರು ಚೌಕಟ್ಟಿನ ಆಚೆ, ಗಿಡವೋ ಕಂಬವೋ ಏನು ಸಿಕ್ಕಿದರೆ ಅದರ ಮರೆಗೆ ಕೂರುತ್ತಿದ್ದರು. ಹೀಗಾಗಿ ಮೂಕಿ ಚಿತ್ರದಲ್ಲಿ ಮುಖಕ್ಕಿದ್ದ ಬೆಲೆ ಟಾಕಿಯಲ್ಲಿ ಕಂಠಕ್ಕೆ ಬಂತು. ಮೂಕಿಯ ಕತ್ತಿವರಸೆಯ ವೀರ ಮಾಸ್ಟರ್ ವಿಠ್ಠಲ್ ‘ಆಲಂ ಆರಾ’ದ ನಾಯಕರೇನೋ ಆದರು, ಆದರೆ ಉರ್ದು ನಾಲಿಗೆಗೆ ಹೊರಳದೆ ಅವರ ಮಾತುಗಳನ್ನೇ ಕಡಿಮೆ ಮಾಡಬೇಕಾಯಿತಂತೆ. ಸುಲೋಚನಾ ಎಂಬ ಹೆಸರಿನಲ್ಲಿ ಮೂಕಿಯ ಮಹಾರಾಣಿಯಾಗಿದ್ದ ರೂಬಿ ಮೈಯರ್ಸ್ ಹಿಂದೂಸ್ಥಾನಿ ಕಲಿಯಲೆಂದು ಕೆಲಕಾಲ ತೆರೆಯನ್ನೇ ಬಿಟ್ಟು ಕೂತರು. ನಮ್ಮ ‘ಸತಿ ಸುಲೋಚನ’ಕ್ಕೆ ಇಂಥ ಫಜೀತಿ ಇರಲಿಲ್ಲ, ಏಕೆಂದರೆ ಅದು ಕಂಠಗಳನ್ನು ಆರಿಸಿಕೊಂಡದ್ದೇ ಕಂಪನಿ ನಾಟಕದಿಂದ. ಸುಬ್ಬಯ್ಯ ನಾಯ್ಡು ಇಂದ್ರಜಿತು, ಆರ್. ನಾಗೇಂದ್ರರಾಯರು ರಾವಣ, ತ್ರಿಪುರಾಂಬ ಸುಲೋಚನೆ. ಸಂಭಾಷಣೆ, ಹಾಡು ಬೆಳ್ಳಾವೆ ನರಹರಿ ಶಾಸ್ತ್ರಿಗಳದು. ನಿರ್ದೇಶಕ ವೈ.ವಿ. ರಾವ್ ಅವರೆಲ್ಲರನ್ನೂ ಕೊಲ್ಹಾಪುರಕ್ಕೆ ಕರೆದುಕೊಂಡು ಹೋಗಿ, ಬಿಸಿಲನ್ನೇ ದೀಪ ಮಾಡಿಕೊಂಡು ಚಿತ್ರ ತೆಗೆದರು. ಖರ್ಚಾದದ್ದು ಸುಮಾರು 40,000 ರೂಪಾಯಿ. ಮಾರನೆಯ ವರ್ಷದ ‘ಸದಾರಮೆ’ ಗುಬ್ಬಿ ಕಂಪನಿ ಊರೂರಲ್ಲಿ ಆಡಿ ಗೆದ್ದ ನಾಟಕ. ಸಾಮಾಜಿಕ ಚಿತ್ರವೆಂದು ಹೆಸರಾದ 1936ರ ‘ಸಂಸಾರ ನೌಕ’ ಕೂಡ ಎಚ್.ಎಲ್.ಎನ್. ಸಿಂಹರ ರಂಗನಾಟಕವೇ.

ಹಾಗಾದರೆ ನಾಟಕವನ್ನೇ ನೋಡಬಹುದಿತ್ತಲ್ಲ, ಟಾಕಿ ಏಕೆ? ಈ ಆಕ್ಷೇಪಣೆಗೆ ಉತ್ತರ ಆಸನಗಳ ದರದಲ್ಲಿದೆ. ಕಂಪನಿ ನಾಟಕದಲ್ಲಿ ಮುಂದಿನ ಕುರ್ಚಿಗೆ ದುಬಾರಿ ದರ, ಹಿಂದಿನ ನೆಲಕ್ಕೆ ಅಗ್ಗ. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಅದು ಕಂಠದ ಸಮೀಪಕ್ಕೆ ಕಟ್ಟಿದ ಬೆಲೆಯೂ ಹೌದು. ಸಿನಿಮಾ ಈ ಲೆಕ್ಕವನ್ನು ತಲೆಕೆಳಗು ಮಾಡಿತು: ನೆಲದವರು ಮುಂದೆ, ಕುರ್ಚಿಯವರು ಹಿಂದೆ. ನೆಲದವನಿಗೆ ಕಾಣುತ್ತಿದ್ದುದು ಕತ್ತು ಎತ್ತಿ ನೋಡಬೇಕಾದ ಸೊಟ್ಟ ಚಿತ್ರ, ಕೇಳುತ್ತಿದ್ದುದು ಮಾತ್ರ ಕುರ್ಚಿಯವನಷ್ಟೇ ಚೆನ್ನಾಗಿ, ಬಹುಶಃ ಇನ್ನೂ ಜೋರಾಗಿ. ದೊಡ್ಡ ನಟನ ಕಂಠ ಕೆಲವೇ ಆಣೆಗೆ ಪೂರ್ತಿಯಾಗಿ ಸಿಕ್ಕಿತು. ಕಂಪನಿ ಊರಿಗೆ ಬಂದು ಬೀಡು ಬಿಡುವವರೆಗೆ ಕಾಯುವ ಗೋಜೂ ಇಲ್ಲ. ಕಳೆದುಕೊಂಡದ್ದೂ ಒಂದಿತ್ತು. ನಾಟಕದಲ್ಲಿ ‘ಒನ್ಸ್ ಮೋರ್’ ಎಂದು ಕೂಗಿದರೆ ನಟ ಸತ್ತಲ್ಲಿಂದ ಎದ್ದು ಹಾಡುತ್ತಿದ್ದ. ರೀಲಿಗೆ ಆ ದಾಕ್ಷಿಣ್ಯವಿಲ್ಲ. ಹಾಡು ಮತ್ತೆ ಬೇಕೆಂದವರು ಮತ್ತೆ ಟಿಕೆಟ್ಟು ಕೊಳ್ಳಬೇಕಿತ್ತು, ಕೊಂಡರು ಕೂಡ.

ಇದಕ್ಕಿಂತ ಬಲವಾದ ಆಕ್ಷೇಪಣೆ ಭಾಷೆಯದು. ಕೇಳುವುದೇ ಮುಖ್ಯವಾಗಿದ್ದರೆ ಕನ್ನಡಿಗರು ಅರ್ಥವಾಗದ ಹಿಂದಿ, ತಮಿಳು ಟಾಕಿಗಳಿಗೆ ಏಕೆ ಹೋದರು? ಆ ದಶಕದಲ್ಲಿ ಬಂದ ಕನ್ನಡ ಚಿತ್ರಗಳ ಸಂಖ್ಯೆ ಹತ್ತನ್ನೂ ಮುಟ್ಟಲಿಲ್ಲ. ಮೂಕಿ ಚಿತ್ರ ಹಲವು ಭಾಷೆಗಳ ಅಕ್ಷರಫಲಕ ಹೊತ್ತು ಲಾಹೋರಿನಿಂದ ಮದರಾಸಿನವರೆಗೆ ಓಡಾಡಬಲ್ಲದಾಗಿತ್ತು. ಮಾತು ಬಂದೊಡನೆ ಮಾರುಕಟ್ಟೆ ಚೂರಾಯಿತು. ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂದು ಹರಿದುಹೋಗಿದ್ದ ನಮ್ಮವರನ್ನು ನಂಬಿ ಹಣ ಹೂಡುವವರು ವಿರಳ. ಆದ್ದರಿಂದ ಜನ ಸಿಕ್ಕಿದ್ದನ್ನು ನೋಡಿದರು, ಅಂದರೆ ಸಿಕ್ಕಿದ್ದನ್ನು ಕೇಳಿದರು. ತೆಲುಗಿನ ಕೃತಿಗೆ ಅರ್ಥ ಕೇಳದೆ ತಲೆದೂಗಿದ, ಧಾರವಾಡದ ಕಡೆ ಮರಾಠಿ ರಂಗಗೀತೆಯನ್ನು ಗುನುಗಿದ ಕಿವಿಗಳಿಗೆ ಭಾಷೆ ಅಡ್ಡಿಯೇ ಅಲ್ಲ. 1932ರ ‘ಇಂದ್ರಸಭಾ’ದಲ್ಲಿ ಎಪ್ಪತ್ತರಷ್ಟು ಹಾಡುಗಳಿದ್ದವು. ಅಷ್ಟು ಹಾಡಿನ ನಡುವೆ ಅರ್ಥವಾಗದೆ ಉಳಿಯಲು ಮಾತೆಷ್ಟಿದ್ದೀತು?

ನನ್ನ ವಾದ ಎಡವುವ ಜಾಗವೂ ಒಂದಿದೆ. 1935ರ ‘ಹಂಟರ್‌ವಾಲಿ’ಯಲ್ಲಿ ನಾಡಿಯಾ ಚಾವಟಿ ಬೀಸಿ, ಕುದುರೆ ಏರಿ ದೇಶವನ್ನೇ ಗೆದ್ದರು, ಅವರ ಹಿಂದಿಯನ್ನು ಕೇಳಲೆಂದು ಯಾರೂ ಹೋಗಲಿಲ್ಲ. ಸಾಹಸಚಿತ್ರದ ಪ್ರೇಕ್ಷಕ ಕಣ್ಣಿನವನೇ, ಒಪ್ಪುತ್ತೇನೆ. ಆದರೆ ಆ ಬಗೆಯ ಚಿತ್ರ ಮೂಕಿ ಕಾಲದಿಂದ ಬಂದದ್ದು, ಟಾಕಿ ಹುಟ್ಟಿಸಿದ್ದಲ್ಲ. ಟಾಕಿ ತಾನಾಗಿ ತಂದದ್ದು ಹಾಡು. ಇಂಗ್ಲಿಷ್ ಸಿನಿಮಾದ ಅಳತೆಗೋಲು ಹಿಡಿದ ವಿಮರ್ಶಕರು ನಮ್ಮ ಚಿತ್ರಗಳಲ್ಲಿ ಹಾಡು ಅನಗತ್ಯವೆಂದು ಇಂದಿಗೂ ಗೊಣಗುವುದುಂಟು. ಹಾಡನ್ನು ಕಥೆಗೆ ಅಂಟಿಸಿದ ಒಡವೆಯೆಂದು ತಿಳಿದರೆ ಹಾಗೆನ್ನಿಸುವುದು ಸಹಜ. ನಮ್ಮಲ್ಲಾದರೋ ಹಾಡಿಗೆ ಕಥೆ ಅಂಟಿಕೊಂಡು ಬಂತು.

‘ಆಲಂ ಆರಾ’ದ ಒಂದು ಪ್ರತಿಯೂ ಇಂದು ಉಳಿದಿಲ್ಲ, ‘ಸತಿ ಸುಲೋಚನ’ದ್ದೂ ಅದೇ ಗತಿ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾದದ್ದೇ 1964ರಲ್ಲಿ, ಕಳೆಯಬೇಕಾದದ್ದೆಲ್ಲ ಬಹುಮಟ್ಟಿಗೆ ಕಳೆದ ಮೇಲೆ. ಆ ಕಾಲದ ಕೇಳ್ಮೆಗೆ ಈಗ ಸಾಕ್ಷಿ ಹೇಳಬಲ್ಲವು ಗ್ರಾಮಫೋನ್ ಪ್ಲೇಟುಗಳು ಮತ್ತು ಹಾಡಿನ ಪುಸ್ತಕಗಳು ಮಾತ್ರ. ನಿಮ್ಮ ಮನೆಯ ಅಟ್ಟದಲ್ಲಿ ಅಂಥದ್ದೇನಾದರೂ ಇದ್ದರೆ ರದ್ದಿಯವನ ತಕ್ಕಡಿಗೆ ಹಾಕಬೇಡಿ. ಹತ್ತಿರದ ಗ್ರಂಥಾಲಯಕ್ಕೋ ಸಂಗ್ರಹಾಲಯಕ್ಕೋ ಕೊಡಿ.